ನೀರುಗಂಟಿಗಳ ಊರಮಾವ

ನೀರು ಸರಬರಾಜೆಂದರೆ ಪೈಪು, ಪಂಪುಗಳ ವ್ಯವಹಾರವೆಂದು ತಿಳಿದವರೇ ತುಂಬಿರುವ ನಮ್ಮ ಕ್ಷೇತ್ರದಲ್ಲಿ, ಅದು ಮೊದಲು ಮನುಷ್ಯರ ಕೆಲಸ, ಆಮೇಲೆ ಪೈಪಿನದು ಎಂಬುದನ್ನು ಮೂವತ್ತಾರು ವರ್ಷ ನಡೆದು ತೋರಿಸಿದವರು ನಮ್ಮ ಪೂಜ್ಯ ಹಿರಿಯ ಎಂಜಿನಿಯರರು. ಎದುರಿಗೆ ಅವರು ‘ಸಾಹೇಬರು’, ಬೆನ್ನ ಹಿಂದೆ ‘ಊರಮಾವ’. ಯಾರೇ ಬಂದರೂ “ಯಾರ ಮನೆಯವರಪ್ಪ?” ಎಂದು ಕೇಳಿ, ಎರಡು ನಿಮಿಷದಲ್ಲಿ ಏನಾದರೊಂದು ನಂಟು ಹುಡುಕಿಬಿಡುತ್ತಿದ್ದರು. ಇಂಥವರು ಮುಖ್ಯ ಎಂಜಿನಿಯರರಾಗದೆ, ಸೇವಾಪುಸ್ತಕದಲ್ಲಿ ಒಂದು ‘ಎಚ್ಚರಿಕೆ’ ಹೊತ್ತು ನಿವೃತ್ತರಾಗುತ್ತಿದ್ದಾರೆ. ಈ ಅಭಿನಂದನಾ ಸಂಪುಟದ ಇತರ ಲೇಖಕರು ಅದನ್ನು ದುರದೃಷ್ಟವೆಂದು ಸೌಜನ್ಯದಿಂದ ದಾಟಿ ಹೋಗಿರಬಹುದು. ನಾನು ದಾಟುವಂತಿಲ್ಲ.

ಹತ್ತೊಂಬತ್ತು ವರ್ಷಗಳ ಹಿಂದೆ ನಾನು ಅವರ ಕೈಕೆಳಗೆ ಸೇರಿದಾಗ ಈ ಊರಿನಲ್ಲಿ ನನಗೆ ಯಾರೂ ಇರಲಿಲ್ಲ. ಊರಿಗೆ ಊರೇ ಎರಡು ಕುಲ: ಗುಡ್ಡದವರು, ದಂಡೆಯವರು. ಬೀದಿಬೀದಿಯ ವಾಲ್ವು ತಿರುಗಿಸುವ ನೀರುಗಂಟಿಗಳೂ ಈ ಎರಡೇ ಕುಲದವರು. ಪ್ರತಿಯೊಬ್ಬನೂ ತನ್ನವರ ಬೀದಿಗೆ ಅರ್ಧ ಗಂಟೆ ಮೊದಲೇ ನೀರು ಬಿಡುತ್ತಿದ್ದ. ದೂರು ಬಂದರೆ ಸಾಹೇಬರು ನೋಟಿಸು ಕೊಡುತ್ತಿರಲಿಲ್ಲ. “ನಿಮ್ಮ ಚಿಕ್ಕಪ್ಪಂಗೆ ಹೇಳ್ತೀನಿ ನೋಡು” ಎನ್ನುತ್ತಿದ್ದರು. ಸಂಜೆಯೊಳಗೆ ಎಲ್ಲ ಸರಿಹೋಗುತ್ತಿತ್ತು. ಇದೂ ಒಂದು ಆಡಳಿತವೇ? ಎಂದು ನನ್ನ ರಕ್ತ ಕುದಿಯುತ್ತಿತ್ತು.

ಮಗಳ ಹೆರಿಗೆಗೆಂದು ಅವರು ನಾಲ್ಕು ದಿನ ರಜೆಯ ಮೇಲೆ ಹೋದಾಗ ಕಾರ್ಯಭಾರ ನನ್ನ ಕೈಗೆ ಬಂತು. ಗುಡ್ಡದ ನೀರುಗಂಟಿಗಳನ್ನೆಲ್ಲ ದಂಡೆಯ ಬೀದಿಗಳಿಗೂ, ದಂಡೆಯವರನ್ನು ಗುಡ್ಡಕ್ಕೂ ಅದಲುಬದಲು ಮಾಡಿ, ಸಾಹೇಬರ ‘ಪರವಾಗಿ’ ಎಂದು ನಾನೇ ಸಹಿ ಹಾಕಿ ಆದೇಶ ಹೊರಡಿಸಿದೆ. ಮರುದಿನ ಇಡೀ ಊರಿಗೆ ಹನಿ ನೀರಿಲ್ಲ. ರಸ್ತೆಗೆ ಪದೇ ಪದೇ ಡಾಂಬರು ಬಿದ್ದು ವಾಲ್ವುಗಳ ಮುಚ್ಚಳ ಹೊಸಬರಿಗೆ ಗುರುತೇ ಸಿಗದಂತೆ ಅದರಲ್ಲಿ ಬೆರೆತುಹೋಗಿತ್ತು. ನಕ್ಷೆ ಯಾವ ಕಪಾಟಿನಲ್ಲೂ ಇರಲಿಲ್ಲ. ವಾಲ್ವು ಯಾವ ಮನೆಯ ಮೆಟ್ಟಿಲಿನಿಂದ ಎಷ್ಟು ಹೆಜ್ಜೆ ಎಂಬುದು ಅಪ್ಪನಿಂದ ಮಗನಿಗೆ ಬಂದ ತಿಳಿವಳಿಕೆ. ಹೊಸಬರು ಹಾರೆ ಹಿಡಿದು ಕಂಡಕಂಡಲ್ಲಿ ಕುಟ್ಟಿದರು. ಆ ಬೀದಿಯ ಹಳಬರು, “ನಮ್ಮನ್ನ ಕಾಗದದಲ್ಲಿ ತೆಗೆದ್ರಲ್ಲ ಮೇಡಂ, ಜಾಗಾನೂ ಕಾಗದಾನೇ ಕೇಳಿ” ಎಂದು ಕೈಕಟ್ಟಿ ನಿಂತರು. ಮೂರನೆಯ ದಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು.

ಸುದ್ದಿ ತಿಳಿದು ಸಾಹೇಬರು ಮೊಮ್ಮಗುವಿನ ಮುಖ ಸರಿಯಾಗಿ ನೋಡದೆಯೇ ಓಡಿಬಂದರು. ಬೈಯಲಿಲ್ಲ. ನನ್ನನ್ನು ಕರೆದುಕೊಂಡು ದಂಡೆಯವರ ಹಿರಿಯ ನೀರುಗಂಟಿಯ ಮನೆಗೆ ನಡೆದು, ಬಾಗಿಲ ಬಳಿಯೇ ನೆಲದ ಮೇಲೆ ಕುಳಿತರು.

“ಹುಡುಗಿ ಹೊಸಬಳು, ಗೊತ್ತಾಗಲಿಲ್ಲ. ನಾನು ಗುಡ್ಡದವನು ನಿಮ್ಮ ಬಾಗಿಲಿಗೆ ಬಂದಿದೀನಿ ಅಣ್ಣಾ.”

ಆ ಹಿರಿಯರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಸಂಜೆಗೆ ನಲ್ಲಿಗಳಲ್ಲಿ ನೀರು ಹರಿಯಿತು. ಅಂದಿನಿಂದ ಪ್ರತಿ ವಾಲ್ವಿಗೂ ಎರಡೂ ಕುಲದಿಂದ ಒಬ್ಬೊಬ್ಬರು ಎಂದಾಯಿತು. ಒಬ್ಬನ ಮೇಲೆ ಇನ್ನೊಬ್ಬನ ಕಣ್ಣು. ತೋರಿಸಿಕೊಟ್ಟವರ ಸಹಿಯೊಡನೆ ನಕ್ಷೆಯೂ ಶುರುವಾಯಿತು. ಪಕ್ಷಪಾತ ಪೂರ್ತಿ ಹೋಯಿತೆಂದು ನಾನು ಸುಳ್ಳು ಹೇಳಲಾರೆ, ಅರ್ಧ ಗಂಟೆಯಿದ್ದುದು ಐದು ನಿಮಿಷಕ್ಕೆ ಇಳಿಯಿತು.

ಈ ಬಗ್ಗೆ ನಡೆದ ಇಲಾಖಾ ವಿಚಾರಣೆಯಲ್ಲಿ ನನ್ನೆದುರು ಅವರು ಹೇಳಿದ್ದು ಒಂದೇ ಮಾತು: “ಹಾಗೆ ಮಾಡು ಅಂತ ಹೇಳಿಹೋಗಿದ್ದು ನಾನೇ.” ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದೆ. ಹೊರಗೆ ಬಂದ ಮೇಲೆ ಏಕೆಂದು ಕೇಳಿದೆ.

“ನಿನ್ನ ಒಳಗೆ ಕರೆಯೋ ಮೊದಲೇ, ಆ ಹುಡುಗಿ ಯಾರ ಕಡೆಯವಳು ಅಂತ ಕೇಳಿದ್ರಮ್ಮ. ಯಾರೂ ಇಲ್ಲ ಅಂದಿದ್ರೆ ನಿನ್ನ ಕೆಲಸ ಹೋಗ್ತಿತ್ತು. ನನ್ನ ಕಡೆಯವಳು ಅಂದ್ಬಿಟ್ಟೆ.”

ನಂಟಿನ ಆಡಳಿತವನ್ನು ಬೇರುಸಹಿತ ಕೀಳಲು ಹೊರಟವಳು ಅದೇ ನಂಟಿನಿಂದ ಉಳಿದುಕೊಂಡೆ. ನನಗೆ ನಾಚಿಕೆಯಾಯಿತು, ನನ್ನ ತಂದೆ ತೀರಿಹೋದ ಮೇಲೆ ಮೊದಲ ಸಲ ಧೈರ್ಯವೂ ಬಂತು. ಅವರಿಗೆ ಮಾತ್ರ ಎಚ್ಚರಿಕೆಯ ಆ ಒಂದು ಸಾಲು ಅಂಟಿಕೊಂಡಿತು, ಎರಡು ಸಲ ಕಿರಿಯರು ಅವರನ್ನು ದಾಟಿ ಮೇಲೇರಿದರು.

ಈ ಲೇಖನದ ಸುದ್ದಿ ತಿಳಿದು, “ಹಳೇದೆಲ್ಲ ಕೆದಕಬೇಡ, ನಾಲ್ಕು ಒಳ್ಳೆ ಮಾತು ಬರಿ ಸಾಕು” ಎಂದರು. ಹತ್ತೊಂಬತ್ತು ವರ್ಷಗಳಲ್ಲಿ ಇದೊಂದು ಅಪ್ಪಣೆಯನ್ನು ಮೀರುತ್ತಿದ್ದೇನೆ. ನಕ್ಷೆಗೆ ಬಳಕೆ ತಪ್ಪಿದ ಹಳೆಯ ಹನ್ನೊಂದು ವಾಲ್ವುಗಳು ಇನ್ನೂ ಸಿಗಬೇಕಾಗಿವೆ. ಅವನ್ನು ಹುಡುಕಿ ಮುಗಿಸಿ, ಆಮೇಲೂ ಬಹುಕಾಲ ನಮ್ಮ ತಪ್ಪುಗಳನ್ನು ತಿದ್ದುತ್ತಾ ಅವರು ಆರೋಗ್ಯದಿಂದ ಬಾಳಲಿ. ಅಂದು ರಜೆಗೆ ಹೋಗುವಾಗ ಅವರು ಏನನ್ನೂ ಹೇಳಿಹೋಗಿರಲಿಲ್ಲ, ಆದೇಶವೂ ಸಹಿಯೂ ನನ್ನವು ಎಂದು ಬರೆದು ನಿನ್ನೆ ಮುಖ್ಯ ಕಚೇರಿಗೆ ಕೊಟ್ಟು ಬಂದಿದ್ದೇನೆ. ಎಚ್ಚರಿಕೆಯ ಆ ಸಾಲು ಇನ್ನಾದರೂ ನನ್ನ ಸೇವಾಪುಸ್ತಕಕ್ಕೆ ಬರಲಿ.