ಮೇಯರ್ ನಾಲ್ಕನೇ ಮಹಡಿಗೆ ಹತ್ತಿದ್ದು

ಕುವೈತಿನ ಅಬು ಹಲೀಫಾದಲ್ಲಿ ನಾವಿದ್ದ ಕಟ್ಟಡದ ಲಿಫ್ಟ್ ಕೆಟ್ಟು ಕೂತಾಗ ನನ್ನ ಹೆಂಡತಿ ತುಂಬು ಬಸುರಿ, ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿ. ಆಸ್ಪತ್ರೆಗೆ ಹೋಗಿ ಬಂದಾಗಲೆಲ್ಲ ಅವಳು ನಡುನಡುವೆ ಮೆಟ್ಟಿಲಲ್ಲೇ ಕೂತು, ನನ್ನನ್ನೂ ಮಾಲೀಕನನ್ನೂ ಒಟ್ಟಿಗೇ ಬೈಯುತ್ತಿದ್ದಳು. ನಾವೆಲ್ಲ ಗುಂಪಾಗಿ ಮಾಲೀಕನ ಹತ್ತಿರ ಹೋದೆವು. "ಇಷ್ಟು ಬಾಯಿ ಬೇಡ. ಒಬ್ಬನನ್ನು ಆರಿಸಿ ಕಳಿಸಿ, ಅರ್ಧಕ್ಕಿಂತ ಹೆಚ್ಚು ಮನೆಯವರು ಒಪ್ಪಿದವನನ್ನು. ಖಲಾಸ್," ಎಂದು ಅವನು ಬಾಗಿಲು ಹಾಕಿಕೊಂಡ.

ಕುವೈತಿನಲ್ಲಿ ನಮಗೆ ಓಟಿಲ್ಲ. ಊರಿನಲ್ಲಿ ಓಟಿದ್ದರೂ ಹೋಗಲು ರಜೆಯಿಲ್ಲ. ಇಷ್ಟು ವರ್ಷ ಅದುಮಿಟ್ಟಿದ್ದ ಚುನಾವಣೆಯ ಹಸಿವೆಲ್ಲ ಈ ಹುದ್ದೆಯ ಮೇಲೆ ಬಿತ್ತು. ಅದಕ್ಕೆ ಮೇಯರ್ ಎಂದು ಹೆಸರಿಟ್ಟೆವು. ಮೆಟ್ಟಿಲ ಗೋಡೆಗೆ ಭಾವಚಿತ್ರಗಳು ಬಂದವು. ನಿಂತವರು ಮೂವರು: ಐದನೇ ಮಹಡಿಯ ಅಕೌಂಟೆಂಟ್, ನೆಲಮಹಡಿಯಲ್ಲಿ ದಿನಸಿ ಅಂಗಡಿ ಇಟ್ಟು ಅದರ ಹಿಂದಿನ ಮನೆಯಲ್ಲೇ ಇದ್ದ ಬ್ಯಾರಿ ಕಾಕ, ಮತ್ತೆ ಶುವೈಖ್‌ನಲ್ಲಿ ಹಳೇ ಕಾರಿನ ಬಿಡಿಭಾಗ ಮಾರುತ್ತಿದ್ದ ನಾನು. ಶುಕ್ರವಾರ ಓಟಾಯಿತು. ಯಾರೂ ಅರ್ಧ ದಾಟಲಿಲ್ಲ. ನಾನು ಮೂರನೆಯವನು. ಮುಂದಿನ ಶುಕ್ರವಾರ ಮೊದಲಿಬ್ಬರ ನಡುವೆ ಎರಡನೇ ಸುತ್ತು ಎಂದಾಯಿತು.

ಹೆಂಡತಿ ಮುಖ ಸಣ್ಣದು ಮಾಡಿದಳು. ನಾನು ಒಳ್ಳೆಯ ಷರ್ಟಿಗೆ ಇಸ್ತ್ರಿ ಹಾಕಿಸಿದೆ. ಎರಡನೇ ಸುತ್ತಿಗೆ ಮುಂಚೆ ಮೂರನೆಯವನಿಗೆ ಸಿಗುವ ಮರ್ಯಾದೆ ಗೆದ್ದವನಿಗೂ ಸಿಗುವುದಿಲ್ಲ, ನೆನಪಿಟ್ಟುಕೊಳ್ಳಿ. ಆದರೆ ಅದರ ಆಯಸ್ಸು ಒಂದೇ ವಾರ.

ಅಕೌಂಟೆಂಟರು ಲಿಫ್ಟಿಗಾಗಿ ಒಂದು ಉದ್ದದ ಮನವಿ ಬರೆದು ತಂದು ತೋರಿಸಿದರು. ಮಾಲೀಕ ಕಾಗದ ಓದುವವನಲ್ಲ. ಅವನು ಸಂಜೆ ಚಹಾ ಕುಡಿಯುತ್ತಿದ್ದದ್ದು ಕಾಕನ ಅಂಗಡಿಯ ಮುಂದೆ. ಕಾಕನಿಗೋ ಲಿಫ್ಟ್ ಕೆಟ್ಟಷ್ಟೂ ಒಳ್ಳೆಯದೇ. ದೊಡ್ಡ ಮಾರ್ಕೆಟ್ಟಿನಿಂದ ಅಕ್ಕಿ ಹೊತ್ತು ಹತ್ತುವ ಬದಲು ಎಲ್ಲರೂ ಅವರ ಅಂಗಡಿಯ ಹುಡುಗನಿಂದಲೇ ತರಿಸುತ್ತಿದ್ದರು. "ಲಿಫ್ಟ್ ಬರಲಿ ಬಿಡಲಿ, ಅಕ್ಕಿ ನಿಮ್ಮ ಬಾಗಿಲಿಗೆ ಬರ್ತದೆ," ಎಂದು ಅವರು ಭಾಷಣ ಮಾಡಿದಾಗ ಮೇಲಿನ ಮಹಡಿಯವರೇ ಜೋರಾಗಿ ಚಪ್ಪಾಳೆ ತಟ್ಟಿದರು.

ನಾನು ಕಾಕನ ಅಂಗಡಿಗೇ ಹೋದೆ.

"ಎಂತ ಬೇಕು ಮಾರಾಯ? ಲಿಫ್ಟ್ ಮಾಡಿಸ್ತೇನೆ ಅಂತ ಮಾತು ಕೊಡ್ಬೇಕಾ?"

"ಮಾತು ಬೇಡ ಕಾಕ, ಮನೆ ಕೊಡಿ. ಹೆರಿಗೆ ಆಗುವವರೆಗೆ ನಾವು ಕೆಳಗೆ, ನೀವು ಮೇಲೆ."

"ನನ್ನ ಮಂಡಿ ನೋಡಿದ್ದೀಯಾ?"

"ನಮ್ಮವಳ ಹೊಟ್ಟೆ ನೋಡಿದ್ದೀರಾ?"

ಕಾಕನ ಸಂಸಾರ ಊರಲ್ಲಿ, ಇಲ್ಲಿ ಒಬ್ಬರೇ. ಮೇಯರ್ ಆದ ಫೋಟೋ ಮನೆಗೆ ಕಳಿಸುವ ಆಸೆ ಬೇರೆ. "ಆಯ್ತು, ಗೆದ್ದ ಮೇಲೆ ನೋಡುವ," ಎಂದರು.

"ಮೊದಲು ಸಾಮಾನು ಸಾಗಲಿ, ಆಮೇಲೆ ನನ್ನ ಕಡೆಯವರ ಓಟು."

ಗುರುವಾರ ನಮ್ಮ ಮಂಚ ಇಳಿಯಿತು, ಕಾಕನ ಹಾಸಿಗೆ ಹತ್ತಿತು. ಶುಕ್ರವಾರ ಕಾಕ ಗೆದ್ದರು. ಅಕೌಂಟೆಂಟರು ಫಲಿತಾಂಶದ ವಿರುದ್ಧ ಇನ್ನೊಂದು ಮನವಿ ಬರೆದರು.

ಚೌಕಾಸಿಗೆ ಕೂತಾಗ ಭರವಸೆ ಕೇಳಬೇಡಿ. ಎದುರಿನವನ ಮಂಡಿಯನ್ನೇ ನಿಮ್ಮ ಪಕ್ಷಕ್ಕೆ ಸೇರಿಸಿಕೊಳ್ಳಿ. ಊಟಕ್ಕೊಮ್ಮೆ, ನಮಾಜಿಗೊಮ್ಮೆ, ಮರೆತ ಕನ್ನಡಕಕ್ಕೊಮ್ಮೆ ಹತ್ತಿ ಇಳಿದ ಮೇಯರರು ವಾರ ತುಂಬುವ ಮೊದಲೇ ಮಾಲೀಕನ ಚಹಾ ನಿಲ್ಲಿಸಿ, ಅವನಿಂದಲೇ ಮೆಕ್ಯಾನಿಕನನ್ನು ಕರೆಸಿದರು.

ಲಿಫ್ಟಿನಲ್ಲಿ ಇಳಿದು ನೇರ ನಮ್ಮ ಬಾಗಿಲಿಗೇ ಬಂದರು. "ಲಿಫ್ಟ್ ಸರಿಯಾಯ್ತು. ಇನ್ನು ನೀವು ಮೇಲೆ ಹೋಗಬಹುದಲ್ಲ?"

ಹೆಂಡತಿ ಕಾಲು ನೀಡಿ ಕೂತವಳು ಅಲುಗಲಿಲ್ಲ. "ಸರಿಯಾಯ್ತಲ್ಲ ಕಾಕ," ಎಂದಳು, "ಇನ್ನು ಮೇಲೆ ಇರ್ಲಿಕ್ಕೆ ನಿಮಗೆಂತ ಕಷ್ಟ?"