ಹಾರ್ನ್ ಒತ್ತಿಕೊಂಡೇ ಹೋದ ಬಸ್ಸು

ಎಂಬತ್ತರ ದಶಕದ ಒಂದು ಶನಿವಾರ, ಬೆಳಿಗ್ಗೆ ಎಂಟೂವರೆ. ಕೊಗನೊಳ್ಳಿಯ ಹೆದ್ದಾರಿ ಬದಿಯಲ್ಲಿ ಹಾಜರಿದ್ದವರು: ಎಂಟು ವಿದ್ಯಾರ್ಥಿಗಳು, ಮುಖ್ಯಾಧ್ಯಾಪಕನಾದ ನಾನು, ನಮ್ಮ ವಿಜ್ಞಾನದ ಮಾಸ್ತರರು. ಹತ್ತಕ್ಕೆ ನಿಪ್ಪಾಣಿಯಲ್ಲಿ ಮಕ್ಕಳಿಗೆ ಪರೀಕ್ಷೆ. ಹೊತ್ತಿಗೆ ಮುಟ್ಟಿಸುವುದು ಒಂದೇ ಬಸ್ಸು.

ಮಾಸ್ತರರು ಪ್ರಾರ್ಥನೆಗೆ ಎಂದೂ ವೇಳೆಗೆ ಬಂದವರಲ್ಲ. ಕೇಳಿದರೆ ಕನ್ನಡಕ ಹಣೆಗೇರಿಸಿ, "ವೇಳೆ ಎಲ್ಲಾರಿಗೂ ಒಂದ ಇರೂದಿಲ್ರಿ. ಯಾರು ನಿಂತಾರ, ಯಾರು ಹೊಂಟಾರ, ಅದನ್ನ ಮೊದಲ ಹೇಳ್ರಿ ಸರ್," ಎನ್ನುತ್ತಿದ್ದರು. ಅಂದು ಮಾತ್ರ ನನಗಿಂತ ಮೊದಲೇ ಬಂದಿದ್ದರು. ನನಗೆ ಆಗಲೇ ಸಂಶಯ ಬರಬೇಕಿತ್ತು.

"ಎರಡು ನಕ್ಷತ್ರ ಒಂದನ್ನೊಂದು ಸುತ್ತಿದರ ಗುರುತ್ವದ ಅಲೆ ಏಳತಾವ. ನಕ್ಷತ್ರ ನಮ್ಮ ಕಡೆ ಬಂದರ ಅಲೆ ಒತ್ತೊತ್ತಾಗತಾವ, ದೂರ ಹೊಂಟರ ಹಿಗ್ಗತಾವ. ಹಾರ್ನಿನ ಸಪ್ಪಳನೂ ಹಂಗ," ಎಂದು ಮಾಸ್ತರರು ರಸ್ತೆಬದಿಯಲ್ಲೇ ಮಕ್ಕಳಿಗೆ ಪಾಠ ಶುರುಮಾಡಿದರು.

"ಆ ಅಲೆ ನೀವು ಕಂಡೀರೇನ್ರಿ ಸರ್?" ಹುಡುಗಿಯೊಬ್ಬಳು ಕೇಳಿದಳು.

"ಇನ್ನೂ ಯಾರೂ ಹಿಡದಿಲ್ಲವ್ವಾ. ಅದಕ್ಕ ಬಸ್ಸು ತೋರಸ್ತೇನಿ."

ವೇಗ ಕಡಿಮೆ ಮಾಡದೆ, ಹಾರ್ನ್ ಒತ್ತಿದ ಕೈ ತೆಗೆಯದೆ ಬರಬೇಕೆಂದು ಆ ಬಸ್ಸಿನ ಡ್ರೈವರನಿಗೆ ಹಿಂದಿನ ದಿನವೇ ಹೇಳಿದ್ದರಂತೆ. ಡ್ರೈವರ್ ವಿಧೇಯ. ಹಾರ್ನ್ ಕೀರಲಾಗಿ ಬಂತು, ನಮ್ಮನ್ನು ದಾಟಿದೊಡನೆ ದಪ್ಪಗಾಯಿತು, ನಿಪ್ಪಾಣಿಯತ್ತ ಹೋಯಿತು.

"ಕೇಳಿದ್ರೇನು? ಬರೂದು ಬ್ಯಾರೆ, ಹೋಗೂದು ಬ್ಯಾರೆ!" ಮಾಸ್ತರರು ಕುಣಿದರು.

"ಹೋಗೂದು ಚಲೋ ಕೇಳಿಸ್ತ್ರಿ ಸರ್," ಎಂದಳು ಹುಡುಗಿ. "ನಿಲ್ಲೂದು ಯಾವಾಗ್ರಿ?"

ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. ದಾಟಿದ ಮೇಲೆ ನಿಲ್ಲಿಸಲು ಡ್ರೈವರನಿಗೆ ಹೇಳುವುದನ್ನು ಮರೆತಿದ್ದರು.

"ನಾವು ನಿಂತೇವ್ರಿ ಮಾಸ್ತರ್, ಬಸ್ಸು ಹೊಂಟೈತಿ," ಎಂದೆ.

ತಂಬಾಕಿನ ಲಾರಿಯೊಂದನ್ನು ಕೈಮಾಡಿ ನಿಲ್ಲಿಸಿ, ಚೀಲಗಳ ಮೇಲೆ ಕೂತು, ಎಲ್ಲರೂ ಸೀನುತ್ತ, ಹತ್ತಕ್ಕೆ ಎರಡು ನಿಮಿಷವಿರುವಾಗ ಮುಟ್ಟಿದೆವು. ಸಂಜೆ ಶಾಲೆಗೆ ಮರಳಿ, ಆ ವರ್ಷದಲ್ಲಿ ಮೊದಲ ಸಲ, ಹಾಜರಿ ಪುಸ್ತಕದಲ್ಲಿ ಮಾಸ್ತರರ ಹೆಸರಿನ ಮುಂದೆ 'ವೇಳೆಗೆ ಹಾಜರು' ಎಂದು ಬರೆದು ಕಚೇರಿಗೆ ಬೀಗ ಹಾಕಿದೆ.