ಮುತ್ತಿಯ ಹೆಸರಿಗೆ ಏಳದ ಹಕ್ಕಿಗಳು

ಜೋಗಯ್ಯ ನನಗೆ ಮೊದಲು ಸಿಕ್ಕಿದ್ದೇ ಜಗಳಕ್ಕೆ. ಕಬಿನಿ ಅಣೆಕಟ್ಟೆಯಲ್ಲಿ ನೀರು ನಿಂತ ಮರುವರ್ಷ ನನ್ನನ್ನು ಪಿರಿಯಾಪಟ್ಟಣದಿಂದ ಸರಗೂರಿನ ಆಸ್ಪತ್ರೆಗೆ ವರ್ಗ ಮಾಡಿದ್ದರು. ನರ್ಸು ವಿಮಲಮ್ಮ ಎಂದರೆ ಬಾಯಿ ಜೋರು ಎಂದು ನನಗಿಂತ ಮೊದಲೇ ನನ್ನ ಹೆಸರು ಅಲ್ಲಿಗೆ ತಲುಪಿತ್ತು. ಮುಳುಗಿದ ಹಾಡಿಯವರನ್ನು ತಂದಿರಿಸಿದ್ದ, ಹಿನ್ನೀರಿನ ಆಚೆ ದಡದ ಕಾಲನಿಗೆ ಹೋಗಿ ಮಕ್ಕಳಿಗೆ ಸೂಜಿಮದ್ದು ಹಾಕಬೇಕು. ದಾಟಿಸಲು ಇದ್ದದ್ದು ಇವನ ಹರಗೋಲು ಒಂದೇ. ಆಚೆ ದಡ ಕಣ್ಣೆದುರಿಗೇ ಕಾಣುತ್ತಿದೆ, ಈ ಪುಣ್ಯಾತ್ಮ ನೇರ ಹೋಗದೆ ನೀರಿನ ನಡುವೆ ನಿಂತಿದ್ದ ಒಂದು ಒಣ ಹೊನ್ನೆ ಮರವನ್ನು ದೂರದಿಂದ ಬಳಸಿಕೊಂಡು ಹುಟ್ಟು ಹಾಕತೊಡಗಿದ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು.

“ಏನಯ್ಯಾ, ನನ್ನೇನು ತೀರ್ಥಯಾತ್ರೆಗೆ ಕರ್ಕೊಂಡ್ ಹೊಂಟಿದ್ದೀಯಾ? ನೇರ ನಡಿ!”

“ಮೆಲ್ಲಗೆ ಮಾತಾಡಿ ನರ್ಸಮ್ಮ. ಆ ಮರದಲ್ಲಿ ಬಾಣಂತೀರು ಅವ್ರೆ.”

ನೋಡಿದರೆ ಕೊಂಬೆಕೊಂಬೆಗೂ ಗೂಡು. ನೀರುಕಾಗೆ, ಬೆಳ್ಳಕ್ಕಿ, ಹಾವಿನಂಥ ಕತ್ತಿನ ಹಾವಕ್ಕಿ. ಮೈಸೂರಿನ ಕಾಲೇಜಿನಿಂದ ಷಣ್ಮುಖಪ್ಪ ಎಂಬ ಮೇಷ್ಟ್ರು ಬಂದು ದಡದಲ್ಲಿ ಗುಡಾರ ಹಾಕಿಕೊಂಡಿದ್ದರು. ಹೊಸದಾಗಿ ನಿಂತ ನೀರಿಗೆ ಹಕ್ಕಿಗಳು ಹೇಗೆ ಬಂದು ಸೇರುತ್ತವೆ, ಮನುಷ್ಯ ಎಷ್ಟು ಹತ್ತಿರ ಹೋದರೆ ಗೂಡು ಬಿಟ್ಟು ಏಳುತ್ತವೆ ಎಂಬುದೇ ಅವರ ಸಂಶೋಧನೆ. ಗದ್ದಲಕ್ಕೆ ತಾಯಿಹಕ್ಕಿ ಎದ್ದರೆ ಹದ್ದು ಬಂದು ಮರಿ ಎತ್ತಿಕೊಂಡು ಹೋಗುತ್ತದಂತೆ. ಅವರನ್ನು ಹರಗೋಲಿನಲ್ಲಿ ಸುತ್ತಿಸುವ ಕೆಲಸವೂ ಜೋಗಯ್ಯನದೇ.

“ಆ ಮರದ ಬುಡದಲ್ಲೇ ನಮ್ಮನೆ ಇರೋದು,” ಎಂದ.

“ಇದ್ದದ್ದು ಅನ್ನು. ಹಾಡಿ ಪೂರಾ ಮುಳುಗಿಹೋಗಿದೆಯಲ್ಲ.”

ಅವನು ಮರವನ್ನು ಬಳಸಿಯೇ ಹುಟ್ಟು ಹಾಕಿದ.

ಆ ವರ್ಷ ಮಳೆ ಹಿಂದಾಗುವ ಹೊತ್ತಿಗೆ ಅವನ ಹೆಂಡತಿ ಮುತ್ತಿ ಜ್ವರ ಬಂದು ಮಲಗಿದಳು. ನಮ್ಮ ಡಾಕ್ಟರು ಬಂದು, “ವಿಷಮಶೀತ ಜ್ವರ, ಕರುಳಿಗೆ ಇಳಿದಿದೆ, ಅಲುಗಾಡಿಸಬೇಡಿ, ನೋಡೋಣ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ, ಔಷಧಿ ಕೊಟ್ಟು, ನನ್ನನ್ನು ಅಲ್ಲೇ ಬಿಟ್ಟು ಹೋದರು. ಗುಡಿಸಲ ತುಂಬ ಜನ. ಉಸಿರಾಡಲು ಗಾಳಿ ಇಲ್ಲ. “ಏನ್ರೋ ಇದು, ಸಂತೆ ನೆರೆಸಿದ್ದೀರಾ? ಎದ್ದೋಗಿ ಆಚೆಗೆ!” ಎಂದು ಕೂಗಾಡಿದೆ. ಒಬ್ಬರೂ ಅಲ್ಲಾಡಲಿಲ್ಲ. ಆಮೇಲೆ ಗಮನಿಸಿದೆ, ಮುತ್ತಿಯ ತಲೆ ಯಾವಾಗಲೂ ಯಾರದೋ ತೊಡೆಯ ಮೇಲಿತ್ತು. ಒಬ್ಬರ ಕಾಲು ಜೋಮು ಹಿಡಿದರೆ ಇನ್ನೊಬ್ಬರು ಬಂದು ಕೂರುವರು. ತೊಡೆ ಬದಲಾಗುತ್ತಿತ್ತು, ತಲೆ ಮಾತ್ರ ನೆಲಕ್ಕೆ ತಾಗಲಿಲ್ಲ. ನಮ್ಮ ಆಸ್ಪತ್ರೆಯ ಕಬ್ಬಿಣದ ಮಂಚಗಳು ನೆನಪಾಗಿ ನಾನು ಬಾಯಿ ಮುಚ್ಚಿಕೊಂಡೆ.

ಜ್ವರ ಇಳಿಯಲಿಲ್ಲ. ಮುತ್ತಿಗೆ ಮೈಮೇಲೆ ಎಚ್ಚರ ತಪ್ಪತೊಡಗಿದಾಗ ಹಾಡಿಯ ಹಿರಿಯ ದೊಡ್ಡಬೊಮ್ಮ ಜೋಗಯ್ಯನನ್ನು ಕರೆದು, “ಹೊಂಡ್ಲಾ, ಒಲೆ ತಾವ್ಕೆ ಹೋಗಿ ಕೂಗು,” ಎಂದ.

ನನಗೆ ಅರ್ಥವಾಗಲಿಲ್ಲ. ಆ ಮುದುಕನೇ ಬಿಡಿಸಿ ಹೇಳಿದ. ಕಾಯಿಲೆ ಬಲಿತರೆ ಜೀವ ಮೈಬಿಟ್ಟು, ತಾನು ಸಂಸಾರ ಹೂಡಿದಾಗ ಮೊದಲು ಹಚ್ಚಿದ ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಹತ್ತಿರದವರೊಬ್ಬರು ಆ ಒಲೆಯ ಬಳಿ ನಿಂತು ಹೆಸರು ಕೂಗಬೇಕು. ಕಾಯಿಲೆಯವರ ಸುತ್ತ ಇರುವವರು “ಇಲ್ಲೇ ಅವ್ಳೆ” ಎಂದು ಓಗೊಡಬೇಕು. ಆ ದನಿ ಹಿಡಿದು ಜೀವ ಮೈಗೆ ವಾಪಸು ಬರುತ್ತದೆ. ಕೂಗಿದವನು ಉತ್ತರ ಕೇಳಿಸಿಕೊಳ್ಳದೆ ಒಲೆ ಬಿಟ್ಟು ಬರುವ ಹಾಗಿಲ್ಲ.

“ಒಂದ್ ಮಾತ್ ಮಾತ್ರ ನೆಪ್ಪಿರ್ಲಿ,” ಎಂದ ದೊಡ್ಡಬೊಮ್ಮ ಎಲ್ಲರ ಕಡೆ ತಿರುಗಿ. “ಜೀವ ಹೋದ್ಮೇಲೆ ಯಾರೂ ಓಗೊಡಬ್ಯಾಡಿ. ಓಗೊಟ್ರೆ ಅದು ಒಲೆ ತಾವೇ ಉಳ್ಕಂಡುಬುಡ್ತದೆ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ.”

ಮುಂಚೆಯಾದರೆ ಒಲೆ ಹಾಸಿಗೆಯ ಪಕ್ಕದಲ್ಲೇ. ಈಗ ಒಲೆ ಹೊನ್ನೆ ಮರದ ಬುಡದಲ್ಲಿ, ನೀರಿನ ಕೆಳಗೆ. ಮರದಿಂದ ದಡಕ್ಕೆ ಒಂದು ಕೂಗಳತೆ, ದಡದಿಂದ ಕಾಲನಿಗೆ ಇನ್ನೂ ಎಷ್ಟೋ ದೂರ. ಅದಕ್ಕೆ ಜನ ಸಾಲಾಗಿ ನಿಂತರು. ಒಬ್ಬರ ದನಿ ಇನ್ನೊಬ್ಬರಿಗೆ ಕೇಳುವಷ್ಟು ದೂರಕ್ಕೆ ಒಬ್ಬೊಬ್ಬರು, ಗುಡಿಸಲ ಬಾಗಿಲಿನಿಂದ ನೀರಿನ ತನಕ.

ನನಗೆ ಮೈಯೆಲ್ಲ ಉರಿದುಹೋಯಿತು. “ಹೆಂಡ್ತಿ ಸಾಯೋ ಹಂಗವ್ಳೆ, ನೀನು ನೀರಿಗೆ ಹೋಗಿ ಕೂಗ್ತೀಯಾ? ಪಕ್ಕದಲ್ಲಿ ಕೂತ್ಕೊಳ್ಳೋ!” ಎಂದೆ.

“ಅವ್ಳು ಇಲ್ಲಿಲ್ಲ ಕಣವ್ವ,” ಎಂದ ಜೋಗಯ್ಯ. “ಅಲ್ಲವ್ಳೆ. ಕರ್ಕೊಂಡ್ ಬತ್ತೀನಿ.”

ದಡದಲ್ಲಿ ಷಣ್ಮುಖಪ್ಪನವರು ನಿಂತಿದ್ದರು. ಆಗಷ್ಟೇ ಮೊಟ್ಟೆಯೊಡೆದ ಮರಿಗಳು ಮರದ ತುಂಬ. ಮೇಲೆ ಹದ್ದುಗಳು ಸುತ್ತು ಹಾಕುತ್ತಿವೆ. ಜೋಗಯ್ಯ ಅವರ ಮುಖ ನೋಡಿದನಂತೆ. “ಹೋಗಯ್ಯಾ, ಹೋಗು,” ಎಂದರಂತೆ ಅವರು. ಸಾಲಿನಲ್ಲಿ ನೀರಿನ ಅಂಚಿಗೆ ಒಬ್ಬರು ಕಡಿಮೆ ಬಿದ್ದಿದ್ದರು. ಅಲ್ಲಿ ತಾವೇ ಹೋಗಿ ನಿಂತರು.

ಗುಡಿಸಲಿನೊಳಗೆ ಮುತ್ತಿಯ ತಲೆ ಮಗಳು ನಿಂಗಿಯ ತೊಡೆಯ ಮೇಲಿತ್ತು. ನಿಂಗಿಯನ್ನು ಎನ್. ಬೇಗೂರಿನ ಕಡೆಗೆ ಕೊಟ್ಟಿತ್ತು, ಸುದ್ದಿ ಕೇಳಿ ಓಡಿಬಂದಿದ್ದಳು. ಕೂಗು ಬಂತು. ಒಂದು ಬಾಯಿಂದ ಇನ್ನೊಂದಕ್ಕೆ ದಾಟುತ್ತಾ, ಬಾಗಿಲಿಗೆ ಬರುವಾಗ ಅದು ಯಾರ ದನಿಯೂ ಅಲ್ಲದ ದನಿಯಾಗಿತ್ತು. “ಮುತ್ತೀ...”

“ಇಲ್ಲೇ ಅವ್ಳೆ!” ಎಂದು ಗುಡಿಸಲೇ ಒಂದಾಗಿ ಕೂಗಿತು. ಉತ್ತರ ಸಾಲು ಹಿಡಿದು ನೀರಿನ ಕಡೆ ಹೋಯಿತು. ಮುತ್ತಿ ಕಣ್ಣು ಬಿಟ್ಟಳು. ದೇವರಾಣೆಗೂ ಬಿಟ್ಟಳು, ನಾನು ನೋಡಿದ್ದೇನೆ.

ಆದರೆ ಮರದ ಬಳಿ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದುಬಿಟ್ಟಿದ್ದವು. ಆ ರೆಕ್ಕೆಯ ಸದ್ದು, ಆ ಕಿರುಚಾಟ! ಷಣ್ಮುಖಪ್ಪನವರು ಗಂಟಲು ಹರಿಯುವ ಹಾಗೆ ಕೂಗಿದರೂ ಜೋಗಯ್ಯನಿಗೆ ಕೇಳಿಸಲಿಲ್ಲ. ಅವನು ಮತ್ತೆ ಕೂಗಿದ. ನಾವು ಮತ್ತೆ ಓಗೊಟ್ಟೆವು. ಮತ್ತೆ ಕೂಗಿದ. ಇಲ್ಲಿ ಮುತ್ತಿ, “ಎಲ್ಲಿ ಅವ್ನು?” ಎಂದು ತುಟಿ ಅಲ್ಲಾಡಿಸಿದಳು. ಅಲ್ಲಿ ಅವನು ಉತ್ತರವಿಲ್ಲದೆ ಒಲೆ ಬಿಡುವ ಹಾಗಿಲ್ಲ.

ಹೊತ್ತು ಇಳಿಯುವಾಗ ನನ್ನ ಬೆರಳ ಕೆಳಗೆ ಮುತ್ತಿಯ ನಾಡಿ ನಿಂತಿತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಕೂಗು ಬಂತು. ಗುಡಿಸಲಿನಲ್ಲಿ ಯಾರೂ ಉಸಿರೆತ್ತಲಿಲ್ಲ. ನಿಂಗಿ ಮಾತ್ರ ಎದೆ ಬಿರಿಯುವ ಹಾಗೆ ಕೂಗಿದಳು. “ಇಲ್ಲೇ ಅವ್ಳೆ! ನಮ್ಮವ್ವ ಇಲ್ಲೇ ಅವ್ಳೆ!”

ತೊಡೆಯ ಮೇಲಿನ ತಲೆ ಭಾರವಾದದ್ದು ಅವಳಿಗೆ ತಿಳಿಯದೆ ಇರುತ್ತದೆಯೇ? ತಿಳಿದಿತ್ತು. ಹೆತ್ತ ತಾಯಿಯನ್ನು ಕೂಗುತ್ತಿದ್ದಾರೆ, ಮಗಳು ಸುಮ್ಮನಿರುವುದು ಹೇಗೆ? ಹೊರಗಿನ ಸಾಲಿಗೆ ಏನು ಗೊತ್ತು. ಉತ್ತರ ಬಾಯಿಂದ ಬಾಯಿಗೆ ದಾಟಿಕೊಂಡು ಹೋಯಿತು. ಅಷ್ಟು ಹೊತ್ತಿಗೆ ಹಕ್ಕಿಗಳು ಕೂತು ಮರ ತಣ್ಣಗಾಗಿತ್ತು. ಜೋಗಯ್ಯನಿಗೆ ಕೇಳಿಸಿದ್ದು ಅದೊಂದೇ.

ಅವನು ನಗುತ್ತಾ ಓಡಿಬಂದ. “ಓಗೊಟ್ರು ನರ್ಸಮ್ಮ! ಕೇಳುಸ್ತು!” ಎನ್ನುತ್ತಾ ಬಾಗಿಲಲ್ಲಿ ಬಗ್ಗಿದ. ಆ ನಗುಮುಖ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಅಯ್ಯೋ, ಯಾವ ಶತ್ರುವಿಗೂ ಬೇಡ.

ಅವನು ಮಗಳನ್ನು ಒಂದು ಮಾತೂ ಬೈಯಲಿಲ್ಲ. “ಇನ್ನೇನ್ ಮಾಡಿಯೇ ನೀನು,” ಎಂದು ಅವಳ ತಲೆ ಸವರಿದ. ಮಣ್ಣು ಮಾಡಿದ ಮೇಲೆ ದೊಡ್ಡಬೊಮ್ಮ ಹೇಳಿದ, “ಅವ್ಳು ಒಲೆ ತಾವೇ ಉಳ್ಕಂಡವ್ಳೆ. ದಿನಾ ಕೂಗು. ಯಾವತ್ತು ಕೂಗಿದ್ರೂ ಓಗೊಡಕಿಲ್ವೋ ಅವತ್ತು ಬುಟ್ಟೋದ್ಲು ಅಂತ ತಿಳ್ಕೊ.” ಅಲ್ಲಿಂದ ಮುಂದೆ ಸಂಜೆಯಾದರೆ ಜೋಗಯ್ಯನ ಹರಗೋಲು ಹೊನ್ನೆ ಮರದ ಕಡೆ ಹೊರಡುತ್ತಿತ್ತು.

ಆ ದಿನ ಹದ್ದುಗಳು ಒಯ್ದ ಮರಿಗಳು ಎಷ್ಟೋ. ಷಣ್ಮುಖಪ್ಪನವರು ಆ ಮಾತನ್ನು ಅವನ ಮುಂದೆ ಎತ್ತಲಿಲ್ಲ. ಮರುವರ್ಷ ಗೂಡು ಕಟ್ಟುವ ಕಾಲಕ್ಕೆ ಮತ್ತೆ ಬಂದವರು ಒಂದು ವಿಚಿತ್ರ ಕಂಡರು. ಅವರು ದೂರದಿಂದ ಕೆಮ್ಮಿದರೂ ಹಕ್ಕಿಗಳು ಏಳುತ್ತಿದ್ದವು. ಜೋಗಯ್ಯ ಮರದ ಬುಡದಲ್ಲೇ ನಿಂತು “ಮುತ್ತೀ” ಎಂದು ಕೂಗಿದರೆ ಒಂದೂ ಕದಲುತ್ತಿರಲಿಲ್ಲ. “ಮರಿಯಾದಾಗಿನಿಂದ ಕೇಳಿ ಬೆಳೆದಿವೆ ಸಿಸ್ಟರ್. ಅವುಗಳಿಗೆ ಆ ಹೆಸರು ಗಾಳಿ ಇದ್ದ ಹಾಗೆ,” ಎಂದರು.

ನಾನೊಮ್ಮೆ ಹಟ ಮಾಡಿ ಹರಗೋಲಿನಲ್ಲಿ ಜೊತೆಗೆ ಹೋದೆ. ಅವನ ಹುಚ್ಚು ಬಿಡಿಸಬೇಕೆಂದು. ಅವನು ಕೂಗಿದ. ಕೊಂಬೆಗಳ ಮೇಲೆ ಹಕ್ಕಿಗಳು ಕತ್ತನ್ನೂ ತಿರುಗಿಸಲಿಲ್ಲ. ನೀರು ಹರಗೋಲಿಗೆ ಬಡಿಯುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ.

“ಕೇಳುಸ್ತಾ?” ಎಂದ.

“ಏನೂ ಇಲ್ಲ ಕಣಯ್ಯ. ಯಾರೂ ಓಗೊಡಲಿಲ್ಲ. ಇವತ್ತಿಗೆ ಬಿಡು.”

“ನಂಗ್ ಕೇಳುಸ್ತು,” ಎಂದ. “ನಿಂಗಿ ದನೀನೇ.” ನಿಂಗಿ ಆಗ ಎನ್. ಬೇಗೂರಿನಲ್ಲಿದ್ದಳು. ತಲೆ ಕೆಟ್ಟಿದೆ ನಿಂಗೆ ಎಂದು ಬೈದೆನಾದರೂ ದಡ ಸೇರುವ ತನಕ ನಾನು ಹಿಂತಿರುಗಿ ನೋಡಲಿಲ್ಲ.

ಎಪ್ಪತ್ತೆಂಟನೇ ಇಸವಿಯಲ್ಲಿ ಅವನೇ ಮಲಗಿದ. ಎದೆ ಕೆಟ್ಟಿತ್ತು, ಕೆಮ್ಮಿದರೆ ರಕ್ತ ಬೀಳುತ್ತಿತ್ತು. ಮೈಸೂರಿಗೆ ಕರೆದೊಯ್ಯುತ್ತೇನೆಂದು ಗೋಗರೆದೆ, ಬೈದೆ, ಅತ್ತೂ ನೋಡಿದೆ. ಜಪ್ಪಯ್ಯ ಅಂದರೂ ಏಳಲಿಲ್ಲ. ಮತ್ತೆ ಅದೇ ತೊಡೆಗಳು, ನೆಲಕ್ಕೆ ತಾಗದ ತಲೆ. ಕೊನೆಗೆ ದೊಡ್ಡಬೊಮ್ಮ, ಒಲೆಯ ಬಳಿ ಕೂಗಲು, ಎನ್. ಬೇಗೂರಿನಿಂದ ಬಂದಿದ್ದ ನಿಂಗಿಯನ್ನು ಕಳಿಸಿದ. ಕಾಲನಿಯ ಅರ್ಧ ಜನ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗಿದ್ದರು. ಸಾಲು ತೆಳ್ಳಗಿತ್ತು. ನೀರಿನಂಚಿಗೆ ಷಣ್ಮುಖಪ್ಪನವರು, ಬಾಗಿಲಿಗೆ ನಾನು. ಹೌದು, ನಾನೇ ಹೋಗಿ ನಿಂತೆ. ಯಾರೂ ಹೇಳಲಿಲ್ಲ.

“ಜೋಗಯ್ಯಾ...” ಬಂತು. ಅಪ್ಪನ ಹೆಸರನ್ನು ನಿಂಗಿ ಬಾಯಲ್ಲಿ ತಂದದ್ದು ಅದೇ ಮೊದಲು. ಅವನಿಗೆ ಇನ್ನೂ ಜೀವ ಇತ್ತು, ಕಣ್ಣು ತೆರೆದಿತ್ತು. ಗುಡಿಸಲಿನವರೆಲ್ಲ ಓಗೊಡಲು ಬಾಯಿ ತೆರೆದರು. ಅವನು ಕೈ ಎತ್ತಿದ.

“ಸುಮ್ಕಿರಿ.”

ನನಗೆ ತಡೆಯಲಾಗಲಿಲ್ಲ. ಇಲ್ಲೇ ಅವ್ನೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅವನು ನನ್ನ ಕಡೆಗೇ ನೋಡಿದ.

“ನೀವೂ ಸುಮ್ಕಿರಿ ನರ್ಸಮ್ಮ. ಅವ್ಳೊಬ್ಳೇ ಕಾಯ್ತಾವ್ಳೆ. ನನ್ನ ಇಲ್ಲಿ ಕಟ್ಟಾಕ್ಬ್ಯಾಡಿ.”

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ಆಮೇಲೆ ಅವನ ಹೆಸರಿನ ಕೂಗು ಬರಲಿಲ್ಲ. ದೊಡ್ಡಬೊಮ್ಮನ ತೊಡೆಯ ಮೇಲೆ, ಬೆಳಕು ಇರುವಾಗಲೇ, ಜೋಗಯ್ಯ ಹೋದ.

ನಿಂಗಿ ಬಂದಳು. ಅಳಲಿಲ್ಲ. ನನ್ನ ಪಕ್ಕ ಬಾಗಿಲಲ್ಲೇ ಕುಸಿದು ಕೂತಳು.

“ಅಪ್ಪನ ಹೆಸ್ರಿಗೆ ಹಕ್ಕಿಗಳೆಲ್ಲ ಎದ್ವು. ಓಗೊಟ್ರೋ ಇಲ್ವೋ ಒಂದೂ ತಿಳೀಲಿಲ್ಲ. ಅವು ಕೂರೋಗಂಟ ಕಾದೆ. ಆಮೇಲೆ ಅವ್ವನ್ನ ಕೂಗ್ದೆ. ಒಂದು ಹಕ್ಕೀನೂ ಏಳಲಿಲ್ಲ ನರ್ಸಮ್ಮ. ಯಾರೂ ಓಗೊಡ್ಲಿಲ್ಲ. ಅದ್ಕೇ ಒಲೆ ಬುಟ್ಟು ಬಂದೆ.” ನನ್ನ ಮುಖ ನೋಡಿ ಕೇಳಿದಳು, “ಇಬ್ರೂ ಹೋದ್ರು, ಅಲ್ವಾ?”

“ಹೋದ್ರು ಕಣವ್ವ,” ಎಂದೆ. “ಇಬ್ಬರೂ ಹೋದರು.” ಆಗ ಅವಳು ಅತ್ತಳು.

ನಾನು ಈಗಲೂ ತಿಂಗಳಿಗೊಮ್ಮೆ ಸೂಜಿಮದ್ದಿನ ಪೆಟ್ಟಿಗೆ ಹಿಡಿದು ಆ ನೀರು ದಾಟುತ್ತೇನೆ. ಹರಗೋಲು ಬೇರೆಯವನದು, ಅವನೂ ಮರವನ್ನು ಬಳಸಿಕೊಂಡೇ ಹೋಗುತ್ತಾನೆ, ನಾನು ಬೈಯುವುದಿಲ್ಲ. ಮುತ್ತಿಯ ಹೆಸರನ್ನು ಒಂದು ಸಲ ಕೂಗಿ ನೋಡಬೇಕು ಎನ್ನಿಸುತ್ತದೆ. ಊರೆಲ್ಲ ಹೆದರುವ ಈ ಬಾಯಿ ಅಲ್ಲಿ ಮಾತ್ರ ತೆರೆಯುವುದಿಲ್ಲ. ಯಾರಾದರೂ ಓಗೊಟ್ಟುಬಿಟ್ಟರೆ ನಿಂಗಿಗೆ ನಾನು ಏನೆಂದು ಹೇಳಲಿ?